ಕಡಲಡಿಯ ಕೊಳವೆ ಸೋರಿದ ವರ್ಷ

ಕಳೆದ ವಾರ ಮಂಡ್ಯದ ಗುತ್ತಲಿನ ನಮ್ಮ ಮನೆಗೆ ಪೈಪಿನ ಗ್ಯಾಸ್ ಬಂತು. ಬೀದಿಯುದ್ದಕ್ಕೂ ಅಗೆದು, ಹಳದಿ ಕೊಳವೆ ಹೂತು, ಗೋಡೆ ಕೊರೆದು ಅಡುಗೆಮನೆಯೊಳಕ್ಕೆ ತಂದು ನಿಲ್ಲಿಸಿದರು. ಎಲ್ಲ ಮುಗಿದ ಮೇಲೆ ಕೆಲಸದವನು ಒಂದು ಬಟ್ಟಲಲ್ಲಿ ಸೋಪಿನ ನೀರು ಕೇಳಿದ. ಬ್ರಶ್ಶಿನಿಂದ ಅದನ್ನು ಕೊಳವೆ ಕೂಡುವ ಕಡೆಗೆಲ್ಲ ಬಳಿದು, ಮುಖ ಹತ್ತಿರ ತಂದು ನೋಡುತ್ತ ಕುಳಿತ. "ಗುಳ್ಳೆ ಬಂದ್ರೆ ಸೋರ್ತಾ ಅದೆ ಅಂತ ಕಣಮ್ಮ," ಅಂದ. ಗುಳ್ಳೆ ಬರಲಿಲ್ಲ. ಆಮೇಲೆ ಒಲೆ ಹಚ್ಚುವ ಮುಂಚೆ ಒಂದು ಕ್ಷಣ ಗ್ಯಾಸಿನ ವಾಸನೆ ಹರಡಿತು. ಕಿಟಕಿ ತೆಗೆಯಲು ಎದ್ದವಳು ನಾನು ಅಲ್ಲೇ ನಿಂತುಬಿಟ್ಟೆ.

ಈ ವಾಸನೆ ಗ್ಯಾಸಿನದಲ್ಲ. ಸೋರಿದರೆ ಜನರಿಗೆ ಗೊತ್ತಾಗಲಿ ಅಂತ ಊರೊಳಕ್ಕೆ ಬಿಡುವ ಮುಂಚೆ ಬೆರೆಸುವುದು. ಸಮುದ್ರದ ಅಡಿಯ ಕೊಳವೆಯಲ್ಲಿ ಹರಿಯುವಾಗ ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದನ್ನು ನನಗೆ ಹೇಳಿದವರು ನನ್ನ ಗಂಡ ಇಮ್ತಿಯಾಜ್. ಬೆಳಕವಾಡಿಯಲ್ಲಿ ನಾನು ಒಬ್ಬಳೇ ಇದ್ದ ವರ್ಷ ಹಡಗಿನಿಂದ ಫೋನು ಮಾಡಿ ಇಂಥವನ್ನೆಲ್ಲ ಹೇಳುತ್ತಿದ್ದರು. ಕೆಲವು ದಿನ ಅವರದೇ ದನಿಯಲ್ಲಿ, ಕೆಲವು ದಿನ ಬಾತುಕೋಳಿಯ ದನಿಯಲ್ಲಿ.

ನಮ್ಮ ಮದುವೆಯಾದ ಮರುವರ್ಷ ಅದು. ಬೆಳಕವಾಡಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ನನಗೆ ಮೊದಲ ಪೋಸ್ಟಿಂಗ್ ಆಗಿತ್ತು. ಗುತ್ತಲಿನಿಂದ ದಿನಾ ಓಡಾಡುವಷ್ಟು ಹತ್ತಿರವಲ್ಲ. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಶಿವನಸಮುದ್ರದ ಬಸ್ಸು. ಅದಕ್ಕೇ ಊರೊಳಗೆ ಚಿಕ್ಕತಾಯಮ್ಮ ಅನ್ನುವ ಒಬ್ಬ ಹಿರಿಯ ಹೆಂಗಸಿನ ಮನೆಯ ಮುಂಭಾಗದ ಕೋಣೆ ಬಾಡಿಗೆಗೆ ಹಿಡಿದೆವು. ಚಿಕ್ಕತಾಯಮ್ಮನ ಗದ್ದೆ ಊರಿನ ಕೆಳಗೆ, ನಾಲೆಯ ಪಕ್ಕದಲ್ಲಿತ್ತು. ಮೊದಲ ದಿನವೇ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಬರ ಎಣ್ಣು ಅಂದ್ರು, ಮಾತು ನೋಡುದ್ರೆ ನಮ್ಮಂಗೇ ಆಡ್ತೀಯ," ಅಂದಳು. ನಾನು ಹುಟ್ಟಿ ಬೆಳೆದದ್ದು ಮಳವಳ್ಳಿಯಲ್ಲಿ, ಓದಿದ್ದೆಲ್ಲ ಕನ್ನಡದಲ್ಲಿ. ಅದನ್ನು ಹೇಳಿದ್ದಕ್ಕೆ "ಅಂಗಾರೆ ಸರಿ ಬುಡು" ಅಂತ ಬೀಗದ ಕೈ ಕೊಟ್ಟಳು.

ಇಮ್ತಿಯಾಜ್ ನೀರಿನೊಳಗೆ ಕೆಲಸ ಮಾಡುವ ವೆಲ್ಡರ್. ಅವರ ತಂದೆ ಗಫಾರ್ ಸಾಬರದು ಗುತ್ತಲು ರಸ್ತೆಯಲ್ಲಿ ಹಳೆಯ ವೆಲ್ಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಆಲೆಮನೆಗಳಿಗೆ ಗಾಣ ರಿಪೇರಿ, ಬೆಲ್ಲ ಕಾಯಿಸುವ ಕೊಪ್ಪರಿಗೆಗೆ ತೇಪೆ ಹಾಕುವುದು, ಟ್ರ್ಯಾಕ್ಟರಿನ ಮುರಿದ ಕೊಂಡಿ ಬೆಸೆಯುವುದು ಅಲ್ಲಿಯ ಕೆಲಸ. ಅಲ್ಲಿ ಕೈ ಪಳಗಿದ ಮೇಲೆ ಇಮ್ತಿಯಾಜ್ ಕೊಳವೆ ಬೆಸೆಯುವ ಕೆಲಸಕ್ಕೆ ಕರಾವಳಿಗೆ ಹೋಗಿದ್ದರು. ಅಲ್ಲಿಂದ ಮುಳುಗುವ ತರಬೇತಿ, ಅಲ್ಲಿಂದ ಹಡಗು. ಪಡುವಣ ಸಮುದ್ರ ಮಳೆಗಾಲದಲ್ಲಿ ಕೆಲಸ ಮಾಡಲು ಬಿಡುವುದಿಲ್ಲ. ಆ ತಿಂಗಳುಗಳು ಅವರು ಮನೆಯಲ್ಲಿರುತ್ತಾರೆ. ನಮ್ಮ ಸೀಮೆಯ ಲೆಕ್ಕ ಬೇರೆ, ಇಲ್ಲಿ ಜೋರು ಮಳೆ ಹಿಡಿಯುವುದೇ ಗಣೇಶನ ಹಬ್ಬ ಕಳೆದ ಮೇಲೆ. ಹಾಗಾಗಿ ಅಲ್ಲಿ ಕಡಲು ತಿಳಿಯಾಗಿ ಅವರು ಹೊರಡುವ ಹೊತ್ತಿಗೆ ನಮ್ಮಲ್ಲಿ ಆಕಾಶ ಕಪ್ಪಾಗಿರುತ್ತದೆ.

ಆ ವರ್ಷ ಕರೆ ಬೇಗ ಬಂತು. ಬಿರುಗಾಳಿಯಲ್ಲಿ ಯಾವುದೋ ಹಡಗು ಲಂಗರು ಎಳೆದುಕೊಂಡು ಹೋಗಿ, ಅದು ಗ್ಯಾಸ್ ಸಾಗಿಸುವ ಕೊಳವೆಗೆ ಸಿಕ್ಕಿಕೊಂಡಿತ್ತು. ಹಡಗು ಹತ್ತಿದ ವಾರ ಅವರು ಫೋನು ಮಾಡಿದಾಗ ನಾನು ಸ್ಕೂಲಿನ ಜಗಲಿಯಲ್ಲಿ ಮಳೆ ನಿಲ್ಲಲಿ ಅಂತ ಕಾಯುತ್ತಿದ್ದೆ.

"ಉಂಡ್ಯಾ?" ಅಂದರು. ಮನೆಯಲ್ಲಿ ನಾವು ಉರ್ದು ಆಡುತ್ತೇವೆ. ಹಡಗಿನಲ್ಲಿದ್ದಾಗ ಮಾತ್ರ ಇಮ್ತಿಯಾಜ್ ನನ್ನ ಜೊತೆ ಗುತ್ತಲಿನ ಬೀದಿಯ ಕನ್ನಡವನ್ನೇ ಆಡುತ್ತಿದ್ದರು, ಸುತ್ತಲಿದ್ದವರಿಗೆಲ್ಲ ಹಿಂದಿ ತಿಳಿಯುತ್ತಿತ್ತು, ಕನ್ನಡ ತಿಳಿಯುತ್ತಿರಲಿಲ್ಲ.

"ಉಂಡೆ. ಅಲ್ಲಿ ಹೇಗಿದೆ?"

"ಪೈಪು ಜಜ್ಜೋಗಿ ಒಂದು ಕಡೆ ಸೀಳದೆ. ಮ್ಯಾಲಿಂದ ನೋಡುದ್ರೆ ಸಮುದ್ರ ಆಲೆಮನೆ ಕೊಪ್ಪರಿಗೆ ಥರ ಕುದೀತಾ ಅದೆ ಕಣೆ. ಬೆಳ್ಳಗೆ, ದುಂಡಗೆ. ಮುಟ್ಟುದ್ರೆ ಬಿಸಿ ಇಲ್ಲ, ತಣ್ಣಗೇ ಕುದೀತದೆ."

"ವಾಲ್ವು ಮುಚ್ಚಲಿಲ್ಲವಾ?"

"ಎಲ್ಡೂ ಕಡೆ ಮುಚ್ಚಾಗದೆ. ಆದ್ರೂ ಮಧ್ಯದಲ್ಲಿ ಸಿಕ್ಕಾಕೊಂಡಿರೋ ಗ್ಯಾಸು ಓಗಬೇಕಲ್ಲ? ಮೈಲಿಗಟ್ಲೆ ಪೈಪು. ಒಳಗಿನ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮ ಆಗೋಗಂಟ ಸೋರ್ತಾನೇ ಇರ್ತದೆ. ಅಲ್ಲೀಗಂಟ ನಾವು ಹತ್ರಕ್ಕೂ ಓಗಂಗಿಲ್ಲ. ಗುಳ್ಳೆ ತುಂಬಿದ ನೀರಿಗೆ ದೋಣಿ ಹೊರೋ ತಾಕತ್ತಿರಲ್ಲ. ಮ್ಯಾಲೆ ಗಾಳೀಲಿ ಒಂದು ಕಿಡಿ ಬಿದ್ರೂ ಮುಗೀತು."

"ಸಮ ಆದ ಮೇಲೆ?"

"ನೀರು ಒಳಕ್ಕೆ ನುಗ್ಗಕ್ಕೆ ಸುರು ಮಾಡ್ತದೆ. ಉಪ್ಪುನೀರು ನಿಂತ್ರೆ ಉಕ್ಕು ತಿಂದಾಕ್ತದೆ. ಅಷ್ಟರೊಳಗೆ ನಾವು ಇಳಿದು ಸೀಳಿನ ಸುತ್ತ ಉಕ್ಕಿನ ಕ್ಲಾಂಪು ಆಕಿ ಬಿಗೀಬೇಕು."

ಮಾರನೆಯ ದಿನ ನಾನು ಒಂಬತ್ತನೇ ತರಗತಿಗೆ ಒತ್ತಡದ ಪಾಠ ತೆಗೆದೆ. ಗಾಳಿ ತುಂಬಿದ ಸೈಕಲ್ ಟ್ಯೂಬಿಗೆ ಗುಂಡುಸೂಜಿಯಿಂದ ಚುಚ್ಚಿ ಬಕೆಟ್ಟಿನ ನೀರಿನಲ್ಲಿ ಅದುಮಿದೆ. ಗುಳ್ಳೆ ಸಾಲಾಗಿ ಎದ್ದು, ಮೆಲ್ಲಗಾಗಿ, ಬಿಟ್ಟು ಬಿಟ್ಟು ಬಂದು ನಿಂತಿತು. "ಇಷ್ಟೇನಾ ಮಿಸ್? ಪಂಚರ್ ಅಂಗಡೀಲಿ ದಿನಾ ನೋಡ್ತೀವಿ," ಅಂದರು. ಇದೇ ಸಮುದ್ರದಲ್ಲಿ ಆಗಿದೆ, ನಮ್ಮ ಮನೆಯವರು ಅಲ್ಲಿದ್ದಾರೆ ಅಂದಾಗ ತರಗತಿ ಗಪ್‌ಚಿಪ್ಪಾಯಿತು. ಗುಳ್ಳೆಗಳೆಲ್ಲ ಎಲ್ಲಿಗೆ ಹೋಗುತ್ತವೆ ಅಂತ ಒಬ್ಬಳು ಕೇಳಿದಳು. ಒಂದಿಷ್ಟು ನೀರಲ್ಲಿ ಕರಗುತ್ತದೆ, ಮಿಕ್ಕಿದ್ದು ಗಾಳಿ ಸೇರುತ್ತದೆ, ಕಣ್ಣಿಗೆ ಕಾಣದೆ ಭೂಮಿಯ ಬಿಸಿ ಹೆಚ್ಚಿಸುತ್ತದೆ ಅಂದೆ. ಶೋಭಾ ಅನ್ನುವ ಹುಡುಗಿ ಮಾತ್ರ ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲೇ ಕೇಳತೊಡಗಿದಳು: "ಮಿಸ್, ಸೋರೋದು ನಿಂತ್ತಾ?"

ಒತ್ತಡ ಸಮಕ್ಕೆ ಬಂದು, ಸಣ್ಣಗೆ ಗುಳ್ಳೆ ಏಳುವಷ್ಟಕ್ಕೆ ಇಳಿಯಲು ವಾರಗಳೇ ಹಿಡಿದವು. ಅದಾದ ಮೇಲೆ ಇಮ್ತಿಯಾಜ್‌ರನ್ನೂ ಇನ್ನಿಬ್ಬರನ್ನೂ ಹಡಗಿನೊಳಗಿನ ಉಕ್ಕಿನ ಕೋಣೆಗೆ ಕಳಿಸಿ ಬಾಗಿಲು ಮುಚ್ಚಿದರು. ಕಡಲ ತಳದಲ್ಲಿ ಎಷ್ಟು ಒತ್ತಡವಿರುತ್ತದೋ ಅಷ್ಟನ್ನೇ ಆ ಕೋಣೆಯಲ್ಲೂ ತುಂಬಿ, ದೇಹವನ್ನು ಅದಕ್ಕೆ ಒಗ್ಗಿಸಿ, ಅಲ್ಲೇ ಉಣ್ಣಿಸಿ ಮಲಗಿಸಿ, ದಿನಾ ಗುಡಿಯ ಗಂಟೆಯ ಆಕಾರದ ಗೂಡೊಂದರಲ್ಲಿ ಕೆಳಗಿಳಿಸುತ್ತಾರೆ. ಕೆಲಸ ಮುಗಿದ ಮೇಲೂ ಒತ್ತಡವನ್ನು ದಿನಗಟ್ಟಲೆ ಮೆಲ್ಲಮೆಲ್ಲಗೆ ಇಳಿಸಬೇಕು. "ಗೋಲಿಸೋಡ ಗೊತ್ತಲ್ಲ? ದಿಢೀರ್ ಅಂತ ಬಾಗ್ಲು ತೆಗುದ್ರೆ ರಕ್ತ ಅಂಗೆ ನೊರೆ ಬತ್ತದೆ," ಅಂದಿದ್ದರು. ಅಲ್ಲಿ ಉಸಿರಾಡಲು ಗಾಳಿಯ ಬದಲು ಆಮ್ಲಜನಕಕ್ಕೆ ಹೀಲಿಯಂ ಬೆರೆಸಿ ಕೊಡುತ್ತಾರೆ. ಹೀಲಿಯಂ ಹೊಕ್ಕ ಗಂಟಲಿನಿಂದ ದನಿ ಸಣ್ಣಗೆ, ಕೀಚಲಾಗಿ, ಬಾತುಕೋಳಿ ಕೂಗಿದ ಹಾಗೆ ಬರುತ್ತದೆ. ದನಿ ಸರಿಮಾಡುವ ಯಂತ್ರವಿತ್ತಂತೆ, ಆದರೂ ನನಗೆ ಕೇಳಿಸಿದ್ದು ಬಾತುಕೋಳಿಯೇ. ಮೊದಲ ದಿನ ನಾನು ನಕ್ಕೆ, ಅವರೂ ನಕ್ಕರು, ನಕ್ಕದ್ದು ಇನ್ನೂ ವಿಚಿತ್ರವಾಗಿ ಕೇಳಿ ಮತ್ತೆ ನಕ್ಕೆವು. ಎರಡನೆಯ ವಾರಕ್ಕೆ ನಗು ಬರುತ್ತಿರಲಿಲ್ಲ. ಫೋನಿಟ್ಟ ಮೇಲೆ ಅವರ ನಿಜವಾದ ದನಿಯನ್ನು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೆ, ಸಿಕ್ಕುತ್ತಿರಲಿಲ್ಲ. ಅದಲ್ಲದೆ ಒಳಗಿನವರ ಪ್ರತಿ ಮಾತನ್ನೂ ಮೇಲೆ ಕುಳಿತ ಮೇಲ್ವಿಚಾರಕರು ಕೇಳಿಸಿಕೊಳ್ಳುತ್ತಿರಬೇಕು, ಅದು ನಿಯಮ. ಭಾಷೆ ತಿಳಿಯದಿದ್ದರೂ ಒಬ್ಬರು ಕೇಳುತ್ತಿದ್ದಾರೆ ಅಂದಮೇಲೆ ಗಂಡನ ಜೊತೆ ಏನು ಮಾತಾಡುವುದು? ಮಳೆ, ಊಟ, ಶೋಭಾಳ ಪ್ರಶ್ನೆ, ಅಷ್ಟೆ.

ಭಾನುವಾರಗಳಲ್ಲಿ ಗುತ್ತಲಿಗೆ ಹೋಗುತ್ತಿದ್ದೆ. ಅಲ್ಲಿ ಮಾವ ಮತ್ತು ಇಮ್ತಿಯಾಜರ ಅಕ್ಕ ಜಬೀನ್ ಆಪಾ ಇದ್ದರು. ಮಾವನನ್ನು ನಾನು ಅಬ್ಬಾ ಅಂತಲೇ ಕರೆಯುತ್ತಿದ್ದೆ. ಒಂದು ಭಾನುವಾರ ಹಡಗಿನಿಂದ ಫೋನು ಬಂದಾಗ ಅವರ ಕೈಗೆ ಕೊಟ್ಟೆ. ಕಿವಿಗಿಟ್ಟುಕೊಂಡವರು ಗಾಬರಿಯಾಗಿ ಫೋನನ್ನು ನನ್ನ ಕಡೆಗೆ ಚಾಚಿದರು.

"ಇದು ನನ್ನ ಮಗನಲ್ಲ."

"ಅಬ್ಬಾ, ಅವರೇ. ಅಲ್ಲಿಯ ಗಾಳಿಗೆ ದನಿ ಹಾಗಾಗುತ್ತೆ."

"ಆಗಲಮ್ಮ. ನನಗೆ ಕೇಳೋಕಾಗಲ್ಲ. ಹೊರಗೆ ಬಂದ ಮೇಲೆ ಮಾತಾಡ್ತೀನಿ ಅನ್ನು."

ಆಮೇಲೆ ಎಷ್ಟು ಸಲ ಕೊಟ್ಟರೂ ಅವರು ಫೋನು ಹಿಡಿಯಲಿಲ್ಲ. ಆದರೆ ನಾನು ಮಾತು ಮುಗಿಸುವವರೆಗೂ ಅಲ್ಲೇ ಕುಳಿತಿದ್ದು, ನೀರಿನೊಳಗೆ ಬೆಂಕಿ ಹೇಗೆ ನಿಲ್ಲುತ್ತದೆ, ಬೋಲ್ಟು ಎಷ್ಟು ದಪ್ಪ, ಕೈಗೆ ಚಳಿ ಹಿಡಿಯಲ್ಲವಾ ಅಂತ ನನ್ನಿಂದ ಕೇಳಿಸುತ್ತಿದ್ದರು.

ದಸರಾ ರಜೆ ಮುಗಿದು ಸ್ಕೂಲು ಶುರುವಾಗಿತ್ತು. ಒಂದು ಬೆಳಿಗ್ಗೆ, ಇನ್ನೂ ಪ್ರಾರ್ಥನೆಯ ಗಂಟೆ ಹೊಡೆದಿರಲಿಲ್ಲ, ಆಪಾ ಫೋನು ಮಾಡಿದರು. ಅಬ್ಬಾ ಬೆಳಗಿನ ನಮಾಜಿಗೆ ಎದ್ದು ಕೈಕಾಲು ತೊಳೆಯುತ್ತಿದ್ದವರು ಕುಸಿದಿದ್ದರು. ಆಸ್ಪತ್ರೆಗೆ ಒಯ್ಯುವ ಮುಂಚೆಯೇ ಮುಗಿದಿತ್ತು. "ಅಸರ್ ನಮಾಜು ಆದ ಕೂಡಲೇ ಮಣ್ಣು. ಬೇಗ ಬಾ. ಇಮ್ತಿಯಾಜ್‌ಗೆ ಈಗಲೇ ಹೇಳಬೇಡ, ಆ ಡಬ್ಬಿಯೊಳಗೆ ಒಬ್ಬನೇ ಅಳ್ತಾನೆ," ಅಂದರು.

ಹಡಗಿನ ತುರ್ತು ನಂಬರಿಗೆ ಸುದ್ದಿ ಮುಟ್ಟಿಸಿ ಬಸ್ಸು ಹತ್ತಿದೆ. ಮಳವಳ್ಳಿಯವರೆಗೂ ಮಳೆ. ಮದ್ದೂರಿನಲ್ಲಿ ಇಳಿದು ಮಂಡ್ಯದ ಬಸ್ಸಿಗೆ ನಿಂತಿದ್ದಾಗ ಮೇಲ್ವಿಚಾರಕರು ತಿರುಗಿ ಫೋನು ಮಾಡಿದರು. ಮಲಯಾಳಿ ಮನುಷ್ಯ, ಮೆತ್ತಗಿನ ಹಿಂದಿ.

"ತಂಗಿ, ಅವರು ಈಗ ನೀರಿನಲ್ಲಿದ್ದಾರೆ. ಸಂಜೆ ಕೋಣೆಗೆ ವಾಪಸು ಬರುತ್ತಾರೆ. ಹೇಳಬೇಕೋ ಬೇಡವೋ ನೀವು ತೀರ್ಮಾನ ಮಾಡಿ. ಹೇಳಿದರೂ ನಾವು ಬಾಗಿಲು ತೆಗೆಯಲಾರೆವು. ಇವತ್ತೇ ಒತ್ತಡ ಇಳಿಸಲು ಶುರು ಮಾಡಿದರೂ ದಿನಗಳು ಬೇಕು."

ಬಸ್ ಸ್ಟ್ಯಾಂಡಿನಲ್ಲಿ ಜನ ಗಿಜಿಗುಡುತ್ತಿದ್ದರು. ಯಾರನ್ನಾದರೂ ಕೇಳೋಣವೆಂದರೆ ಕೇಳುವಂಥವರು ಯಾರೂ ಇರಲಿಲ್ಲ. ಆಪಾ ಹೇಳಿದ್ದು ತಪ್ಪಲ್ಲ. ಆದರೆ ನಾಳೆ, ನಾಡಿದ್ದು, ಅವರು ಬಾತುಕೋಳಿಯ ದನಿಯಲ್ಲಿ "ಅಬ್ಬಾ ಹೆಂಗವ್ರೆ?" ಅಂದಾಗ ನಾನು ಏನನ್ನಲಿ?

"ಸಂಜೆ ನನಗೆ ಲೈನು ಕೊಡಿ," ಅಂದೆ. "ನಾನೇ ಹೇಳುತ್ತೇನೆ."

ಇಳಿಹೊತ್ತಿನ ಅಸರ್ ನಮಾಜು ಆದ ಮೇಲೆ ಗಂಡಸರು ಅಬ್ಬಾರನ್ನು ಹೊತ್ತು ನಡೆದರು. ಹೆಂಗಸರು ನಾವು ಬಾಗಿಲವರೆಗೆ. ಮಳೆ ಹನಿಯುತ್ತಿತ್ತು. ಅವರೆಲ್ಲ ತಿರುಗಿ ಬಂದು, ಮನೆ ತುಂಬ ಜನ ಕುಳಿತಿದ್ದಾಗ ಫೋನು ಬಂತು. ಎಲ್ಲರಿಗೂ ಕೇಳಲಿ ಅಂತ ಒಬ್ಬರು ಸ್ಪೀಕರ್ ಹಾಕಿಸಿದರು. ನಾನು ನೇರವಾಗಿ ಹೇಳಿದೆ. ಆ ಕೀಚಲು ದನಿ ಅಳತೊಡಗಿತು.

ಅಂಥ ಅಳುವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆಟಿಕೆಯೊಂದನ್ನು ಅದುಮಿ ಅದುಮಿ ಬಿಟ್ಟ ಹಾಗೆ. ಮೂಲೆಯಲ್ಲಿದ್ದ ನೆಂಟರ ಚಿಕ್ಕ ಮಗು ಕಿಲಕಿಲ ನಕ್ಕಿತು. ದೊಡ್ಡವರೂ ಇಬ್ಬರು ಮುಖ ತಿರುಗಿಸಿಕೊಂಡರು. ನಾನು ಫೋನು ಕಿತ್ತುಕೊಂಡು ಹಿತ್ತಿಲಿಗೆ ಹೋದೆ.

"ಮಣ್ಣು ಒದ್ದೆ ಇತ್ತಾ?" ಅಂತ ಕೇಳಿದರು. "ಒಳಕ್ಕೆ ಯಾರು ಇಳುದ್ರು?"

"ನಾನು ಹೋಗಲಿಲ್ಲ ರೀ. ಹೆಂಗಸರು ಹೋಗಲ್ಲವಲ್ಲ."

"ಊಂ. ನೀನೂ ನೋಡ್ಲಿಲ್ಲ."

"ಇವತ್ತೇ ಒತ್ತಡ ಇಳಿಸಲು ಶುರು ಮಾಡುತ್ತಾರೆ ತಾನೇ?"

"ಕ್ಲಾಂಪು ಅರ್ಧ ಕೂರಿಸಿವ್ನಿ. ನಾನು ಈಚೆಗೆ ಬಂದ್ರೆ ಇನ್ನಿಬ್ರೂ ಬರಬೇಕು, ಮತ್ತೆ ಮೊದ್ಲಿಂದ ಆಯ್ತದೆ, ಅಷ್ಟರಲ್ಲಿ ಪೈಪಿಗೆ ನೀರು ತುಂಬ್ತದೆ. ಈಗ ಬಂದ್ರೂ ಅಬ್ಬಾನ ಮೊಕ ನೋಡಕ್ಕಾಗಲ್ಲ. ಮುಗುಸ್ಕೊಂಡೇ ಬತ್ತೀನಿ," ಅಂದರು.

ನನ್ನ ಬಾಯಿಗೆ ಒಂದು ಮಾತು ಬಂತು. ಆ ಕಡೆ ಮೇಲ್ವಿಚಾರಕರ ಉಸಿರು ಕೇಳಿಸುತ್ತಿತ್ತು. "ಹುಷಾರು," ಅಂತಷ್ಟೇ ಹೇಳಿ ಫೋನಿಟ್ಟೆ.

ಆಪಾ ಕೇಳಿದಾಗ ಇದ್ದದ್ದನ್ನೇ ಹೇಳಿದೆ, ಅವರೇ ನಿಲ್ಲುತ್ತೇನೆ ಅಂದರು ಅಂತ. "ತಂದೆಗಿಂತ ಪೈಪು ದೊಡ್ಡದಾಯ್ತಾ ಅವನಿಗೆ?" ಅಂದರು. ನನಗೂ ಅದೇ ಪ್ರಶ್ನೆಯಿತ್ತು. ಆದರೆ ಅಲ್ಲಿಲ್ಲದ ತಮ್ಮನ ಮೇಲಿನ ಸಿಟ್ಟು ಎದುರಿಗಿದ್ದ ನನ್ನ ಮೇಲೆ ಬಂತು. ಮೂರನೆಯ ದಿನದ ಪ್ರಾರ್ಥನೆ, ಜಿಯಾರತ್, ಮುಗಿಯುವವರೆಗೂ ಆಪಾ ನನ್ನ ಜೊತೆ ಮಾತಾಡಲಿಲ್ಲ. ನಾನು ಹೊರಟಾಗ ಬಾಗಿಲಿಗೂ ಬರಲಿಲ್ಲ.

ಬೆಳಕವಾಡಿಗೆ ಬಂದು ಕೋಣೆಯ ಬಾಗಿಲು ತೆಗೆದರೆ ಒದ್ದೆ ಗೋಡೆಯ ವಾಸನೆ. ಚಾಪೆ ಹಾಸಿ ಗೋಡೆಗೆ ಒರಗಿ ಕುಳಿತೆ. ಚಿಕ್ಕತಾಯಮ್ಮ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಮುಂದಿಟ್ಟಳು.

"ಬೇಡ ಅಮ್ಮ."

"ಯಾಕೆ? ಗಂಡ ಬರ್ನಿಲ್ಲ ಅಂತ ಸಿಟ್ಟಾ?"

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಸಿಟ್ಟು ಮಾಡ್ಕೊ, ಯಾರು ಬ್ಯಾಡ ಅಂದೋರು? ಉಂಡ್ಕೊಂಡು ಸಿಟ್ ಮಾಡ್ಕೊ. ಅಸ್ಕೊಂಡು ಮಾಡ್ಕೊಂಡ್ರೆ ಎಲ್ಡು ದಿನಾನೂ ಬರಲ್ಲ ಕಣವ್ವ ಅದು."

ಉಂಡೆ. ಆಕೆ ಎದ್ದು ಹೋಗದೆ, ನಾನು ತಟ್ಟೆ ಖಾಲಿ ಮಾಡುವವರೆಗೂ ಹೊಸ್ತಿಲ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡಳು.

ಆ ಮೇಲಿನ ದಿನಗಳಲ್ಲಿ ಇಮ್ತಿಯಾಜ್ ಫೋನು ಮಾಡಲಿಲ್ಲ, ನಾನೂ ಕಾಯಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಗದ್ದೆಯಲ್ಲಿ ಭತ್ತ ತೆನೆ ಬಿಡುತ್ತಿತ್ತು. ಸ್ಕೂಲು ಬಿಟ್ಟ ಮೇಲೆ ನಾಲೆಯ ಏರಿಯ ಮೇಲೆ ನಡೆದು ಹೋಗಿ ಕತ್ತಲಾಗುವ ಮುಂಚೆ ಬರುತ್ತಿದ್ದೆ. ಎದುರು ಸಿಕ್ಕವರು "ಯಾಕೆ ಟೀಚ್ರಮ್ಮ, ಒಬ್ರೇಯ?" ಅನ್ನುತ್ತಿದ್ದರು. ಸುಮ್ಮನೆ ಆಡುವ ಮಾತು, ಆದರೂ ದಿನಾ ಅದಕ್ಕೊಂದು ಉತ್ತರ ಹುಡುಕಬೇಕಾಗುತ್ತಿತ್ತು. ಶೋಭಾ ಬಾಗಿಲಲ್ಲಿ ನಿಲ್ಲುವುದನ್ನು ಬಿಡಲಿಲ್ಲ. ಅಬ್ಬಾ ಹೋದ ಸುದ್ದಿ ತಿಳಿದ ಮೇಲೆ ಬಾಯಿಬಿಟ್ಟು ಕೇಳದೆ ಮುಖ ನೋಡಿ ಒಳಗೆ ಹೋಗುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನು. "ನಿಂತ್ತು," ಅಂತ ಬಾತುಕೋಳಿಯ ದನಿ ಹೇಳಿತು. ಅಷ್ಟೆ. ಶೋಭಾಳನ್ನು ಕರೆದು ಹೇಳಿದೆ. ಅವಳು ಓಡಿಹೋಗಿ ತರಗತಿಗೆಲ್ಲ ಸಾರಿದಳು, ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ನಿಂತು ಕೇಳಿಸಿಕೊಂಡೆ.

ಒತ್ತಡ ಇಳಿದು, ಬಾಗಿಲು ತೆಗೆದು, ಹಡಗಿನಿಂದ ದಡಕ್ಕೆ ಬಂದ ಮೇಲೆ ಇಮ್ತಿಯಾಜ್ ಮೊದಲು ಗುತ್ತಲಿಗೆ ಹೋದರು. ಖಬರಸ್ತಾನದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೂ ಕುಳಿತಿದ್ದರಂತೆ. ಆಪಾ ಬೈದರು, ಅಳುತ್ತ ಊಟಕ್ಕಿಟ್ಟರು. ನನ್ನ ಜೊತೆ ಆಪಾ ಮತ್ತೆ ಸರಾಗವಾಗಿ ಮಾತಾಡಲು ಮುಂದಿನ ರಮಜಾನ್ ಬರಬೇಕಾಯಿತು. ಶನಿವಾರ ಸಂಜೆ ಇಮ್ತಿಯಾಜ್ ಬೆಳಕವಾಡಿಯಲ್ಲಿ ಬಸ್ಸಿಳಿದರು. ಸಣ್ಣಗಾಗಿದ್ದರು. ಚಿಕ್ಕತಾಯಮ್ಮನಿಗೆ ನಮಸ್ಕಾರ ಮಾಡಿದ ಆ ದನಿ ಅವರದೇ ಆಗಿತ್ತು, ಆದರೂ ನನಗೆ ಹೊಸಬರ ದನಿಯ ಹಾಗೆ ಕೇಳಿತು.

ಆ ಮನೆಯ ಗೋಡೆ ತೆಳು, ಒಳಗೆ ಆಡಿದ ಮಾತು ಆಚೆಗೆ ಕೇಳುತ್ತಿತ್ತು. ಭಾನುವಾರ ಇಬ್ಬರೂ ಮುತ್ತತ್ತಿಗೆ ಹೋದೆವು. ಆಂಜನೇಯನ ಗುಡಿಗೆ ಬಂದವರು, ಅಡುಗೆ ಪಾತ್ರೆ ಹೊತ್ತು ತಂದವರು, ಹೊಳೆಯಲ್ಲಿ ಮುಳುಗುವವರು, ಎಲ್ಲ ಗದ್ದಲ. ನಾವು ದೂರ ಹೋಗಿ ಮರದ ಕೆಳಗಿನ ಬಂಡೆಯ ಮೇಲೆ ಕುಳಿತೆವು. ಕಾವೇರಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಇಮ್ತಿಯಾಜ್ ನೀರಿಗೆ ಕಾಲು ಇಳಿಬಿಡಲೂ ಇಲ್ಲ.

"ಕೊನೇ ಬೋಲ್ಟು ಬಿಗಿ ಮಾಡ್ದೆ," ಅಂದರು, ಇನ್ನೂ ಹಡಗಿನಿಂದ ಆಡುತ್ತಿದ್ದ ಕನ್ನಡದಲ್ಲೇ. "ಸಣ್ಣಗೆ ಬತ್ತಿದ್ದ ಗುಳ್ಳೆ ನಿಂತೋದ್ವು. ಆಮೇಲೆ ನನ್ನ ಉಸಿರು ಬುಟ್ರೆ ಏನೂ ಕೇಳುಸ್ತಿರಲಿಲ್ಲ. ಆವಾಗ ಅಳು ಬಂತು. ಹೆಲ್ಮೆಟ್ಟಿನೊಳಗೆ ಕಣ್ಣೊರಸ್ಕೊಳಕ್ಕೆ ಆಗಲ್ಲ ಕಣೆ. ಮ್ಯಾಲೆ ಅವ್ರು ಎಲ್ಲಾನೂ ಕೇಳುಸ್ಕೊತಾ ಇದ್ರು. ಏನೂ ಅನ್ನಲಿಲ್ಲ. ನಾನು ಮುಗಿಸೋಗಂಟ ಕಾದರು."

ಆ ಸಂಜೆ ಹಿತ್ತಿಲಲ್ಲಿ ನುಂಗಿದ ಮಾತನ್ನು ಆಗ ಹೇಳಿದೆ.

"ಅಬ್ಬಾಗೋಸ್ಕರ ಬರೋಕಾಗಲಿಲ್ಲ, ಸರಿ. ನನಗೋಸ್ಕರ ಬರಬೇಕಿತ್ತು ನೀವು. ಆ ಮನೆಯಲ್ಲಿ ನಾನು ಒಬ್ಬಳೇ ಇದ್ದೆ."

ಅವರು ಏನಾದರೂ ಸಮಜಾಯಿಷಿ ಕೊಡುತ್ತಾರೆ ಅಂದುಕೊಂಡಿದ್ದೆ. ಪೈಪಿನ ಮಾತು, ಇನ್ನಿಬ್ಬರ ಮಾತು. ಹೊಳೆಯನ್ನೇ ನೋಡುತ್ತಿದ್ದವರು, "ಬರಬೇಕಿತ್ತು," ಅಂದರು.

ವಾಪಸು ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಬಾಗಿಲಲ್ಲಿ ಅವರನ್ನು ಹತ್ತಿಸಿಕೊಂಡರು, ನಾನು ಮುಂದೆ ಹೆಂಗಸರ ನಡುವೆ ಸಿಕ್ಕಿಕೊಂಡೆ. ಕಾಡಿನ ತಿರುವಿನಲ್ಲಿ ಬಸ್ಸು ವಾಲಿದಾಗ ತಲೆಗಳ ಸಂದಿಯಲ್ಲಿ ಅವರು ಕಂಡರು. ಎರಡೂ ಕೈಯಿಂದ ಮೇಲಿನ ಕಂಬಿ ಹಿಡಿದಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸುತ್ತಲಿದ್ದವರು ನೋಡಿಯೂ ನೋಡದವರ ಹಾಗಿದ್ದರು. ನಾನು ಎಷ್ಟು ನುಗ್ಗಿದರೂ ಅಲ್ಲಿಗೆ ಹೋಗಲು ದಾರಿಯಿರಲಿಲ್ಲ.

ಅವರ ಪಕ್ಕದ ಸೀಟಿನಲ್ಲಿ ಮಡಿಲಲ್ಲಿ ಚೀಲವಿಟ್ಟುಕೊಂಡು ಕುಳಿತಿದ್ದ ಒಬ್ಬ ಮುದುಕರು ತಲೆಯೆತ್ತಿ ನೋಡಿದರು. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತು, "ಕೂತ್ಕಳಪ್ಪ," ಅಂದರು. ಇಮ್ತಿಯಾಜ್ ಬೇಡವೆಂದು ತಲೆಯಾಡಿಸಿದರು. ಮುದುಕರು ಅವರ ತೋಳು ಹಿಡಿದು ಕೂರಿಸಿದರು. ಹಲಗೂರು ಬರುವವರೆಗೂ ಆ ಮನುಷ್ಯ ಏನೂ ಕೇಳದೆ, ಇಮ್ತಿಯಾಜರ ಭುಜದ ಮೇಲೊಂದು ಕೈಯಿಟ್ಟುಕೊಂಡು ನಿಂತೇ ಇದ್ದರು.